ಅವ್ವ ಸುಮ್ಮನಾಗುವ ಜಾಗಗಳು

ಗೌತಮಿಗೆ ಒಂಬತ್ತು ವರ್ಷವಿದ್ದಾಗ ಅವಳ ತಾಯಿ ಶನಿಗ್ರಹದ ಕಡೆಗೆ ಹೊರಟ ಹಡಗು ಹತ್ತಿದಳು.

ತಾಯಿಯ ಹೆಸರು ಡಾಕ್ಟರ್ ನೀಲಾಂಬಿಕಾ ಅಂಗಡಿ. ಕಲ್ಲು, ಮಣ್ಣು, ಮಂಜುಗಡ್ಡೆಗಳ ವಿಜ್ಞಾನಿ. ಶನಿಯ ದೊಡ್ಡ ಚಂದ್ರ ಟೈಟನ್‌ನಲ್ಲಿ ನೀರಿನ ಬದಲು ಮೀಥೇನ್ ಹರಿಯುವ ಹೊಳೆಗಳಿವೆ, ಕೆರೆಗಳಿವೆ. ಅವುಗಳ ದಂಡೆಯಲ್ಲೇ ಇದ್ದು ಅಭ್ಯಾಸ ಮಾಡಲು ಐದು ಜನರನ್ನು ಆರಿಸಿದಾಗ ಅವರಲ್ಲಿ ಹುಬ್ಬಳ್ಳಿಯ ಈ ಹೆಂಗಸೂ ಒಬ್ಬಳಾಗಿದ್ದಳು. ಹೋಗಲು ಏಳು ವರ್ಷ, ಅಲ್ಲಿ ಇರುವುದು ಆರು ವರ್ಷ, ಮರಳಿ ಬರಲು ಮತ್ತೆ ಏಳು ವರ್ಷ. ಗಂಡ ಮಹಾಂತೇಶ ಊರಿನಲ್ಲಿ ಚಷ್ಮಾ ಅಂಗಡಿ ನಡೆಸುತ್ತಿದ್ದ. ಹೆಚ್ಚು ಮಾತಿನವನಲ್ಲ. ಹೊರಡುವ ದಿನ "ಹುಷಾರು" ಎಂದಷ್ಟೇ ಹೇಳಿ ಮಗಳ ಕೈ ಹಿಡಿದು ನಿಂತಿದ್ದ.

ಮೊದಲ ಕೆಲವು ದಿನ ವಿಡಿಯೋ ಕಾಲ್ ನಡೆಯಿತು. ಹಡಗು ದೂರವಾದಂತೆ ಮಾತು ತಲುಪುವುದು ತಡವಾಗತೊಡಗಿತು. ಬೆಳಕಿಗಿಂತ ಬೇಗ ಯಾವ ಮಾತೂ ಹೋಗಲಾರದು, ಆ ಹಾದಿಯಲ್ಲಿ ಬೆಳಕಿಗೂ ಹೊತ್ತು ಬೇಕು. "ಊಟ ಆತೇನವ್ವ?" ಎಂದು ಮಗಳು ಕೇಳಿದರೆ ಉತ್ತರ ಬರುವಷ್ಟರಲ್ಲಿ ಇಲ್ಲಿ ತಟ್ಟೆ ತೊಳೆದಿಟ್ಟು ಆಗಿರುತ್ತಿತ್ತು. ಕಾಲ್ ನಿಂತವು.

ಆಗ ನೀಲಾಂಬಿಕಾ 'ಆಚೆ ದಂಡೆ' ಎಂಬ ನ್ಯೂಸ್‌ಲೆಟರ್ ಶುರುಮಾಡಿದಳು. 'ಓಲೆಗಾರ' ಎಂಬ ವೇದಿಕೆಯ ಮೂಲಕ ಅದು ಪ್ರತಿ ಭಾನುವಾರ ಜನರ ಅಂಚೆಪೆಟ್ಟಿಗೆಗೆ ಬರುತ್ತಿತ್ತು. ನಾಲ್ಕು ಸಾಲು ಬರಹ, ಕೆಳಗೆ ಒಂದು ವಿಡಿಯೋ. ಹಡಗು ತೀರಾ ದೂರವಾದ ಮೇಲೆ ಬರೀ ಧ್ವನಿ. ಯಾನಕ್ಕೆ ಹಣ ಹಾಕಿದವರು ಎಲ್ಲರೂ ಕೇಳುವಂತಿರಲಿ ಎಂದಿದ್ದರಿಂದ ಅದನ್ನು ಯಾರು ಬೇಕಾದರೂ ಕೇಳಬಹುದಿತ್ತು. ಸಾವಿರಾರು ಜನ ಕೇಳುತ್ತಿದ್ದರು.

ಮಗಳಿಗಾಗಿ ಅವಳು ಒಂದು ಉಪಾಯ ಮಾಡಿದ್ದಳು. ಮಾತಿನ ನಡುವೆ ಥಟ್ಟನೆ, "ಗೌತು, ಇವತ್ತ ಸಾಲ್ಯಾಗ ಏನ್ ಕಲಿಸಿದ್ರು? ನಾ ಸುಮ್ನಾಗ್ತೀನಿ, ನೀ ಹೇಳು" ಎಂದು ಕೇಳಿ ನಿಜವಾಗಿಯೂ ಸುಮ್ಮನಾಗುತ್ತಿದ್ದಳು. ಮಗಳು ಫೋನಿನ ಮುಂದೆ ಕಾಲು ಮಡಚಿ ಕೂತು ಭಾಗಾಕಾರ ಕಲಿಸಿದ್ದನ್ನೋ, ಗೆಳತಿ ಜೋಡಿ ಜಗಳಾಡಿದ್ದನ್ನೋ ಹೇಳುತ್ತಿದ್ದಳು. ಅವ್ವ ಅಷ್ಟೂ ಹೊತ್ತು ಕಾಯುತ್ತಿದ್ದಳು. ವಿಡಿಯೋದಲ್ಲಿ ಕಿವಿಯ ಹಿಂದೆ ಕೂದಲು ಸರಿಸಿಕೊಳ್ಳುತ್ತ, ತುಸು ನಗುತ್ತ, ಎದುರಿಗೇ ನೋಡುತ್ತ ಕೂತಿರುತ್ತಿದ್ದಳು. ಆಮೇಲೆ "ಹೌದಾ? ಛಲೋ ಆತು ಬಿಡು" ಎನ್ನುವಳು. ಮಗಳು ಹೇಳಿದ್ದು ಏನೇ ಇದ್ದರೂ ಹೊಂದುವಂಥ ಮಾತು ಅದು. ಒಂಬತ್ತರ ಹುಡುಗಿಗೆ ಅದು ತನ್ನ ಮಾತಿಗೇ ಬಂದ ಉತ್ತರ. ದೊಡ್ಡವಳಾದಂತೆ ಗುಟ್ಟು ತಿಳಿಯಿತು. ತಿಳಿದ ಮೇಲೂ ಅವಳು ಹೇಳುವುದನ್ನು ಬಿಡಲಿಲ್ಲ.

ಈಗ ಗೌತಮಿಗೆ ಇಪ್ಪತ್ತೊಂದು ದಾಟಿತ್ತು. ನೀಲಾಂಬಿಕಾ ಟೈಟನ್‌ನಲ್ಲಿದ್ದಳು. ಓಲೆಗಾರ ಬಾಗಿಲು ಹಾಕುವುದಾಗಿ ಹೇಳಿದ್ದು ಆಗ.

*

ಓಲೆಗಾರದಲ್ಲಿದ್ದ ಪತ್ರಗಳನ್ನೆಲ್ಲ 'ಧ್ವನಿಪೇಟೆ' ಎಂಬ ಹೊಸ ವೇದಿಕೆ ತೆಗೆದುಕೊಳ್ಳುವುದೆಂದು ಒಪ್ಪಂದವಾಯಿತು. ಹೀಗೆ ಪತ್ರ ಸಾಗಿಸುವ ಧ್ವನಿಪೇಟೆಯ ವಲಸೆ ವಿಭಾಗ ಹುಬ್ಬಳ್ಳಿಯಲ್ಲೇ ಇತ್ತು. ಗೌತಮಿ ಕಾಲೇಜು ಮುಗಿಸಿ ಸೇರಿದ್ದು ಅಲ್ಲಿಗೇ.

ಬರಹವನ್ನು ಸಾಗಿಸುವುದು ಸುಲಭ. ಒಂದು ಗಂಟಿನಲ್ಲಿ ಕಟ್ಟಿ ತಂದು ಬಿಚ್ಚಿದರಾಯಿತು. ತೊಂದರೆಯಿದ್ದದ್ದು ಧ್ವನಿ, ವಿಡಿಯೋಗಳದ್ದು. ಅವು ಪತ್ರದೊಳಗೆ ಇರುವುದೇ ಇಲ್ಲ, ಓಲೆಗಾರದ ಉಗ್ರಾಣದಲ್ಲಿರುತ್ತವೆ. ಪತ್ರದಲ್ಲಿರುವುದು ಆ ಉಗ್ರಾಣದ ವಿಳಾಸ ಮಾತ್ರ. ಬರೀ ಪತ್ರ ತಂದರೆ ಹೊಸ ಮನೆಯಲ್ಲಿ ಒತ್ತುವ ಗುಂಡಿ ಕಾಣುತ್ತದೆ, ಒತ್ತಿದರೆ ಏನೂ ಕೇಳಿಸುವುದಿಲ್ಲ. ಉಗ್ರಾಣಕ್ಕೆ ಓಲೆಗಾರದವರದೇ ಬೀಗ. ಅಲ್ಲಿಂದ ಧ್ವನಿಪೇಟೆಗೆ ನೇರವಾಗಿ ಒಂದು ಕೊಳವೆ ಹಾಕಿದ್ದರು. ಎಲ್ಲವೂ ಅದರೊಳಗೇ ಬರಬೇಕು. ಬರುವಾಗ 'ಸಾಣೆ' ಎಂಬ ಯಂತ್ರವನ್ನು ದಾಟಬೇಕು.

ಸಾಣೆ ಮನುಷ್ಯರ ಧ್ವನಿಯನ್ನು ಗುರುತಿಸಿ ಇಟ್ಟುಕೊಂಡು ಉಳಿದದ್ದನ್ನು ಹೆರೆದುಹಾಕುತ್ತಿತ್ತು. ಫ್ಯಾನಿನ ಸದ್ದು, ಬೀದಿಯ ಹಾರ್ನ್ ಎಲ್ಲ ಹೋಗುತ್ತಿದ್ದವು. ಯಾರೂ ಮಾತಾಡದ ಹೊತ್ತನ್ನೂ ಎರಡು ಸೆಕೆಂಡಿಗಿಂತ ಹೆಚ್ಚಾಗಿದ್ದರೆ ಕತ್ತರಿಸಿ ಎರಡೂ ತುದಿಗಳನ್ನು ಕೂಡಿಸುತ್ತಿತ್ತು. ಬಹಳ ಜನಕ್ಕೆ ಅದರಿಂದ ಅನುಕೂಲವೇ ಆಗಿತ್ತು. ಅಡಿಗೆ ವಿಡಿಯೋ ಮಾಡುವ ಗದುಗಿನ ಹೆಂಗಸೊಬ್ಬಳು, "ನನ್ ಧ್ವನಿ ಇಷ್ಟ್ ಛಂದ ಐತಿ ಅಂತ ನನಗ ಗೊತ್ತ ಇರ್ಲಿಲ್ರಿ" ಎಂದು ಫೋನ್ ಮಾಡಿದ್ದಳು.

ಒಂದು ಸೋಮವಾರ 'ಆಚೆ ದಂಡೆ'ಯ ಸರದಿ ಬಂತು. ಮೊದಲು ಬಂದ ಪತ್ರ ಹಡಗು ಹೊರಟ ವರ್ಷದ ವಿಡಿಯೋ. ಗೌತಮಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒತ್ತಿದಳು.

"ಗೌತು, ಇವತ್ತ ಸಾಲ್ಯಾಗ ಏನ್ ಕಲಿಸಿದ್ರು? ನಾ ಸುಮ್ನಾಗ್ತೀನಿ, ನೀ ಹೇಳು. ಹೌದಾ? ಛಲೋ ಆತು ಬಿಡು."

ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಜಾಗವಿರಲಿಲ್ಲ. ಪರದೆಯ ಮೇಲೆ ಅವ್ವನ ಮುಖ ಒಮ್ಮೆ ಅದುರಿತು. ಕಣ್ಣ ಮೇಲಿದ್ದ ಕೂದಲು ಮರುಕ್ಷಣ ಕಿವಿಯ ಹಿಂದಿತ್ತು. ಗೌತಮಿ ಮತ್ತೆ ಒತ್ತಿದಳು. ಅವ್ವ ಕಾಯಲಿಲ್ಲ. ಮೂರನೆಯ ಸಲವೂ ಕಾಯಲಿಲ್ಲ.

ಅವಳು ಹೆಡ್‌ಫೋನ್ ತೆಗೆದಿಟ್ಟು ವಿಭಾಗದ ಮುಖ್ಯಸ್ಥೆ ಫರ್ಜಾನಾ ಮುಲ್ಲಾ ಅವರ ಕೋಣೆಗೆ ಹೋದಳು.

"ಮೇಡಂ, ಒಂದ್ ನ್ಯೂಸ್‌ಲೆಟರಿಗೆ ಮಾತ್ರ ಸಾಣೆ ಬಂದ್ ಮಾಡಾಕ ಬರ್ತದೇನ್ರಿ?"

ಫರ್ಜಾನಾ ಮೇಡಂ ತಲೆ ಎತ್ತಿದರು. "ಬರೂದಿಲ್ಲವಾ. ಅದು ಕೊಳವಿಯೊಳಗ ಐತಿ. ಒಂದಕ್ಕ ಬಂದ್ ಮಾಡಿದ್ರ ಎಲ್ಲಾದಕ್ಕೂ ಬಂದ್. ಯಾಕ, ಏನಾತು?"

ಗೌತಮಿ ಹೇಳಿದಳು. ಮೇಡಂ ಎರಡೂ ಪ್ರತಿಗಳನ್ನು ಕೇಳಿದರು. ಹಳೆಯದರಲ್ಲಿ ಅವ್ವ ಸುಮ್ಮನಾದಾಗ ಅವರ ಕೈ ತಾನಾಗಿ ಮುಂದಕ್ಕೆ ಓಡಿಸುವ ಗುಂಡಿಯ ಕಡೆ ಹೋಗಿತ್ತು. ಗೌತಮಿಯ ಮುಖ ನೋಡಿ ಹಿಂದೆ ತೆಗೆದುಕೊಂಡರು.

"ನೋಡು ಗೌತಮಿ, ಯಂತ್ರಕ್ಕ ಖಾಲಿ ಅಂದ್ರ ಖಾಲಿ. ಅದರಾಗ ಯಾರೋ ಕುಂತಾರ ಅಂತ ಅದಕ್ಕ ಹೆಂಗ ಗೊತ್ತಾಗಬೇಕು? ನಿಮ್ಮ ಮನ್ಯಾಗ ಹಳೇದನ್ನ ಹಚ್ಚಿ ಬ್ಯಾರೆ ಫೋನಿನ್ಯಾಗ ರೆಕಾರ್ಡ್ ಮಾಡಿ ಇಟ್ಕೋ. ನಿನಗಂತೂ ಉಳೀತದಲ್ಲ."

"ನನಗ ಉಳೀತದರಿ. ಆದ್ರ ಮುಂದ ಅವ್ವ ಕಳಸೂ ಪತ್ರಾನೂ ಇದರಾಗ ಬರಬೇಕಲ್ಲರಿ?"

ಮೇಡಂ ಹೌದೆಂದು ತಲೆಯಾಡಿಸಿದರು. ಬಾಹ್ಯಾಕಾಶದ ಸಂದೇಶ ಹಿಡಿಯುವ ಆಲಿಕೆ ಕೇಂದ್ರದ ದೊಡ್ಡ ತಟ್ಟೆ ಆಂಟೆನಾ ಟೈಟನ್‌ನಿಂದ ಹಿಡಿದ ಧ್ವನಿಯೂ ಇನ್ನು ಮುಂದೆ ಬರುವುದು ಧ್ವನಿಪೇಟೆಯ ಕೊಳವೆಗೇ. ಓಲೆಗಾರದಿಂದ ಮೇಲಕ್ಕೆ, ಅಂದರೆ ಟೈಟನ್‌ಗೆ, ಬರೀ ಬರಹ ಹೋಗುತ್ತಿತ್ತು; ಇನ್ನು ವಾರಕ್ಕೊಮ್ಮೆ ಧ್ವನಿಯ ಸಮೇತ ಹೊಸ ಪುಟವೇ ಹೋಗುವುದಿತ್ತು. ಓದುಗರ ಮಾತುಗಳ ಜೊತೆ ಇಡೀ ಪುಟವನ್ನು ನೀಲಾಂಬಿಕಾ ಅಲ್ಲಿ ನೋಡುವವಳಿದ್ದಳು. ತಾನು ಕಾದದ್ದನ್ನು ಯಾರೋ ತೆಗೆದುಹಾಕಿದ್ದಾರೆ ಎಂದು ಅವಳಿಗೆ ತಿಳಿಯುವ ದಿನ ದೂರವಿರಲಿಲ್ಲ.

*

ಮೊದಲು ಸಾಗಿಸಿದ ಪತ್ರಗಳನ್ನು ಕೇಳಿದ ಜನ ಫೋನ್ ಮಾಡತೊಡಗಿದರು. ಗೌತಮಿಗೆ ಆಶ್ಚರ್ಯವಾಯಿತು. ಆ ಸುಮ್ಮನಿರುವಿಕೆ ತನ್ನೊಬ್ಬಳದು ಎಂದು ಅವಳು ತಿಳಿದಿದ್ದಳು. ಉಳಿದವರು ಆಗ ಏನು ಮಾಡುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ. ಅವ್ವನನ್ನು ಅಷ್ಟು ಜನರ ಜೊತೆ ಹಂಚಿಕೊಳ್ಳಬೇಕಾಯಿತಲ್ಲ ಎಂಬ ಸಿಟ್ಟೇ ಅವಳಲ್ಲಿ ಹೆಚ್ಚಾಗಿತ್ತು.

ಗೋಕಾಕಿನಿಂದ ತಾರಾಬಾಯಿ ಪೋತದಾರ ಎಂಬವರು ಮಾತಾಡಿದರು. ಅರವತ್ತು ದಾಟಿದ ಧ್ವನಿ.

"ಏನವಾ, ಡಾಕ್ಟರಮ್ಮಗ ಈಗೀಗ ಭಾಳ ಗಡಿಬಿಡಿ ಆಗೇದೇನು?"

"ಯಾಕ್ರಿ?"

"ಕೇಳಿದ್ದಕ್ಕ ಉತ್ತರ ಹೇಳಾಕ ಬಿಡವಲ್ಲರು. ನಾ ಐತವಾರ ರೊಟ್ಟಿ ಬಡೀತಿರ್ತೀನಿ. 'ಸಾಲ್ಯಾಗ ಏನ್ ಕಲಿಸಿದ್ರು' ಅಂತ ಆಕೀ ಮಗಳಿಗೆ ಕೇಳ್ತಾಳ, ನಾನೂ ಹೇಳ್ತೀನಿ. ಇವತ್ತ ಮಂಡಿ ನೂಸ್ತದ, ತಂಗಿ ಫೋನ್ ಮಾಡಿಲ್ಲ, ಹಿಂಗ. ಹನ್ನೆರಡ ವರ್ಷಾತು. ಮೊನ್ನಿ ನಾ ಬಾಯಿ ತಗೀಬೇಕಂದ್ರ ಆಕೀ ಮುಂದ ಹೋಗೇಬಿಟ್ಲು."

"ನೋಡ್ತೀನ್ರಿ" ಎಂದಳು ಗೌತಮಿ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಆ ಹೆಂಗಸಿನ ಬಗ್ಗೆ ಯೋಚಿಸಿದಳು. ಹನ್ನೆರಡು ವರ್ಷ ತನ್ನ ಪಕ್ಕದಲ್ಲೇ ಕೂತಿದ್ದವರೊಬ್ಬರ ಪರಿಚಯ ಈಗ ಆದಂತಿತ್ತು.

ಓಲೆಗಾರದಲ್ಲಿ 'ಮರುದನಿ' ಎಂಬ ಸೌಲಭ್ಯವಿತ್ತು. ಖಾತೆಯವರು ಪತ್ರದ ಯಾವ ಜಾಗದಲ್ಲಿ ಬೇಕಾದರೂ ತಮ್ಮ ಧ್ವನಿಯನ್ನು ಒಂದು ಪದರದಂತೆ ಹಚ್ಚಬಹುದು. ಮೂಲ ಧ್ವನಿಯನ್ನು ಹೊರಗೆ ತೆಗೆಯಲಾಗದು, ಅದರ ಮೇಲೆ ಹಚ್ಚಲು ಅಡ್ಡಿಯಿಲ್ಲ. ನೀಲಾಂಬಿಕಾಳ ಖಾತೆಯ ಗುಪ್ತಪದ ಮನೆಯವರ ಬಳಿ ಇತ್ತು. ಗೌತಮಿ ಒಂದು ಪತ್ರದ ಖಾಲಿ ಜಾಗಕ್ಕೆ ಫ್ಯಾನಿನ ಸದ್ದು ಹಚ್ಚಿ ಕೊಳವೆಗೆ ಬಿಟ್ಟಳು. ಸಾಣೆ ಅದನ್ನು ಹೆರೆದುಹಾಕಿತು. ತಂಬೂರಿಯ ಶ್ರುತಿ ಹಚ್ಚಿದಳು. ಅದೂ ಹೋಯಿತು. ಮನುಷ್ಯರ ಧ್ವನಿಯೇ ಬೇಕು. ಆದರೆ ಅಲ್ಲಿ ತಾನು ಮಾತಾಡಿ ತುಂಬಿಬಿಟ್ಟರೆ ತಾರಾಬಾಯಿಯವರು ಎಲ್ಲಿ ಮಾತಾಡಬೇಕು?

ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿತ್ತು. ಅಪ್ಪನ ಮುಂದೆ ಎಲ್ಲವನ್ನೂ ಹೇಳುತ್ತ ಹೋದಳು. ಮಹಾಂತೇಶ ಚಪಾತಿ ಮುರಿಯುತ್ತ ಕೇಳುತ್ತಿದ್ದ.

"ಮಾತಾಡಲಾರದ ಮಾತಾಡಬೇಕಪ್ಪಾ. ಹಂಗಂದ್ರ ಹೆಂಗ?"

"ಹ್ಞೂಂ."

"ದನಿ ಇರಬೇಕು, ಆದ್ರ ಬ್ಯಾರೇದವರಿಗೆ ಜಾಗಾನೂ ಇರಬೇಕು."

"ಹ್ಞೂಂ."

ಗೌತಮಿ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಅಪ್ಪನ ಮುಖ ನೋಡಿದಳು. "ಅಪ್ಪಾ, ಇನ್ನೊಮ್ಮೆ ಅನ್ನು."

"ಏನು?"

"ಈಗ ಅಂದೆಲ್ಲ, ಅದು."

ಮರುದಿನ ಅವಳು ಒಂದು ಪತ್ರದ ಖಾಲಿ ಜಾಗದ ತುಂಬ ಸಣ್ಣ ದನಿಯಲ್ಲಿ, ಎರಡು ಸೆಕೆಂಡಿಗೊಮ್ಮೆ, "ಹ್ಞೂಂ" ಎಂದು ಹಚ್ಚಿದಳು. ಕಥೆ ಕೇಳುವವರು ಅನ್ನುವಂತೆ. ಕೊಳವೆಗೆ ಬಿಟ್ಟಳು. ಸಾಣೆ ಅದನ್ನು ಮುಟ್ಟಲಿಲ್ಲ. ಆ ಕಡೆ ಅವ್ವ ಕೇಳಿದಳು, ಸುಮ್ಮನಾದಳು, ಕೂದಲು ಸರಿಸಿಕೊಂಡು ನಗುತ್ತ ಕಾದಳು, ಆಮೇಲೆ "ಹೌದಾ? ಛಲೋ ಆತು ಬಿಡು" ಎಂದಳು.

ಫರ್ಜಾನಾ ಮೇಡಂ ಅದನ್ನು ಕೇಳಿ ನಕ್ಕುಬಿಟ್ಟರು. "ಇದು ನಿಯಮದಾಗ ಇಲ್ಲ, ಆದ್ರ ನಿಯಮದ ವಿರುದ್ಧಾನೂ ಇಲ್ಲ. ಓಲೆಗಾರ ಬಂದ್ ಆಗೂದ್ರಾಗ ಎಷ್ಟ್ ಆಗ್ತದ ಅಷ್ಟ್ ಮಾಡು. ನಿನ್ ಬಾಕಿ ಕೆಲಸ ನಾ ನೋಡ್ಕೋತೀನಿ."

*

ಪತ್ರಗಳು ಆರುನೂರಕ್ಕೂ ಹೆಚ್ಚಿದ್ದವು. ಯಂತ್ರದಿಂದ ಒಂದೇ "ಹ್ಞೂಂ" ನಕಲು ಮಾಡಿ ಹಚ್ಚಲು ನೋಡಿದಳು. ಸಾಣೆ ಅದನ್ನು ಯಂತ್ರದ ಸದ್ದೆಂದು ಹಿಡಿದು ತೆಗೆಯಿತು. ಪ್ರತಿಯೊಂದನ್ನೂ ಬಾಯಿಂದಲೇ ಹೇಳಬೇಕಾಯಿತು. ನಾಲ್ಕು ದಿನಕ್ಕೆ ಗೌತಮಿಯ ಗಂಟಲು ಕಟ್ಟಿತು.

"ಸರಿ, ಇಲ್ಲಿ ಕೊಡು" ಎಂದು ಮಹಾಂತೇಶ ಹೆಡ್‌ಫೋನ್ ತೆಗೆದುಕೊಂಡ. ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಬಂದಿದ್ದ.

ಇಷ್ಟು ವರ್ಷ ಪತ್ರ ಬಂದಾಗಲೆಲ್ಲ ಅವನು ಅಡಿಗೆಮನೆಯಲ್ಲಿರುತ್ತಿದ್ದ, ಇಲ್ಲವೆ ಬಚ್ಚಲಲ್ಲಿ. ಗೋಡೆ ಜೋಡಿ ಮಾತಾಡುವುದು ತನ್ನಿಂದಾಗದು ಎನ್ನುತ್ತಿದ್ದ. ಈಗ ಕುರ್ಚಿಯ ತುದಿಯಲ್ಲಿ ಕೂತು ಒಂದೊಂದನ್ನೇ ಕೇಳಿದ. ಹೆಂಡತಿ ಹೊಳೆಯ ಬಗ್ಗೆ ಹೇಳಿದಳು, ಕಿತ್ತಳೆ ಬಣ್ಣದ ಮೋಡದ ಬಗ್ಗೆ ಹೇಳಿದಳು. ಜೋಳದ ರೊಟ್ಟಿಯ ವಾಸನೆ ನೆನಪಿಗೆ ಬಂದು ನಿದ್ದೆ ಹಾರಿದ್ದನ್ನು ಹೇಳಿದಳು. ಅವನು "ಹ್ಞೂಂ" ಎನ್ನುತ್ತಿದ್ದ. ಒಂದು ಪತ್ರದಲ್ಲಿ ಅವಳು, "ಏನ್ರೀ, ಸಿಟ್ಟು ಇಳೀತೇನು? ಇಲ್ಲಾ ನಾ ಬರೂತನಾ ಹಂಗ ಇಟ್ಕೊಂಡಿರ್ತೀರೇನು?" ಎಂದು ಕೇಳಿ ಸುಮ್ಮನಾದಳು. ಮಹಾಂತೇಶನ ಬಾಯಿಂದ "ಹ್ಞೂಂ" ಹೊರಡಲಿಲ್ಲ. ಕಣ್ಣು ಮುಚ್ಚಿ ಕೂತ.

"ಅಪ್ಪಾ, ಅನ್ನು. ಇಲ್ಲಂದ್ರ ಕತ್ತರಿಸ್ತದ" ಎಂದಳು ಗೌತಮಿ.

"ಇಳದು ಭಾಳ ದಿನಾ ಆತು" ಎಂದ ಅವನು. ಮೈಕು ಅದನ್ನು ಹಿಡಿಯಿತು. ಅಳಿಸಲೇ ಎಂದು ಮಗಳು ಕಣ್ಣಲ್ಲಿ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ.

ಮರುದಿನ ಗೌತಮಿ ಮತ್ತೆ ಮೈಕಿನ ಮುಂದೆ ಕೂತಳು. ಅಪ್ಪ ಅಂಗಡಿಗೆ ಹೋಗಿದ್ದ. ಬಿಸಿಲು ಜಮಖಾನೆಯ ಮೇಲೆ ಬಿದ್ದಿತ್ತು. ಅವಳು ಹಚ್ಚಿದ್ದು ಹಡಗು ಹೊರಟು ಒಂದು ವರ್ಷ ತುಂಬಿದಾಗಿನ ಪತ್ರ. ಅದರಲ್ಲಿ ಅವ್ವ ಕೇಳುಗರಿಗೆಲ್ಲ ಹೊರಟ ದಿನದ ಕಥೆ ಹೇಳಿದ್ದಳು.

"ನನ್ ಮಗಳು ಭಾಳ ಧೈರ್ಯದಾಕಿ ನೋಡ್ರಿ. ಅವತ್ತ ಒಂದ್ ಹನಿ ಕಣ್ಣೀರ ಹಾಕಲಿಲ್ಲ. ಆಕಿ ಅತ್ತಿದ್ರ ನನ್ ಕಾಲು ಹಡಗ ಹತ್ತತಿದ್ದಿಲ್ಲ. ಅಲ್ಲೇನ ಗೌತು?"

ಈ ಪತ್ರವನ್ನು ಗೌತಮಿ ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ಕೇಳಿದ್ದಳು. ಮತ್ತೆಂದೂ ಕೇಳಿರಲಿಲ್ಲ. ಆದರೆ ಆ ಮಾತು ಮರೆತಿರಲಿಲ್ಲ. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಜ್ವರ ಬಂದು ಮಲಗಿದಾಗ ಅದು ನೆನಪಾಗುತ್ತಿತ್ತು. ಅವತ್ತು ಅವಳು ಅಳದೆ ಇದ್ದದ್ದು ಧೈರ್ಯದಿಂದಲ್ಲ. ಅಷ್ಟೊಂದು ಕ್ಯಾಮೆರಾಗಳ ಮುಂದೆ ಅಳಲು ನಾಚಿಕೆಯಾಗಿತ್ತು.

ಅವ್ವ ಸುಮ್ಮನಾಗಿ ಕಾಯುತ್ತಿದ್ದಳು. ಗೌತಮಿ ಒಂದು ಸಲ "ಹ್ಞೂಂ" ಎಂದಳು. ಇನ್ನೊಂದಕ್ಕೆ ಬಾಯಿ ತೆರೆದಳು, ಬಂದದ್ದು ಬೇರೆಯೇ ಮಾತು.

"ಅತ್ತಿದ್ರ ನೀ ನಿಲ್ತಿದ್ದೇನವ್ವಾ? ಖರೇನ ನಿಲ್ತಿದ್ದೇನು? ನಾ ಇಷ್ಟ್ ವರ್ಷ ಅದನ್ನ ಯೋಚನೆ ಮಾಡೀನಿ. ಒಂದೀಟು ಅತ್ತಬಿಟ್ಟಿದ್ರ ನೀ ಮನ್ಯಾಗ ಇರ್ತಿದ್ದಿ. ನಾ ಅಳಬೇಕಾಗಿತ್ತು."

ಖಾಲಿ ಜಾಗ ಅಲ್ಲಿಗೆ ಮುಗಿಯಿತು. "ಹೌದಾ? ಛಲೋ ಆತು ಬಿಡು" ಎಂದಳು ಅವ್ವ.

ಗೌತಮಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು ಆ ಪದರವನ್ನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಹೀಗೇ ಬಿಟ್ಟರೆ ಸಾವಿರಾರು ಜನ ಇದನ್ನು ಕೇಳುತ್ತಾರೆ, ಮೇಲಿರುವವಳೂ ಕೇಳುತ್ತಾಳೆ. ಮನೆಯವರಿಲ್ಲದೆ ಅಷ್ಟು ದೂರ ಇರುವವಳಿಗೆ ಇದನ್ನು ಕೇಳಿಸಬೇಕೇ? ಬೆರಳು ತೆಗೆದಳು. ಹನ್ನೆರಡು ವರ್ಷ ಅವ್ವ ಕೇಳುತ್ತಲೇ ಬಂದಿದ್ದಾಳೆ, ಉತ್ತರ ಒಂದೂ ಅವಳ ಕಿವಿಗೆ ಬಿದ್ದಿಲ್ಲ. ಒಂದಾದರೂ ಬೀಳಲಿ. ಪತ್ರವನ್ನು ಕೊಳವೆಗೆ ಬಿಟ್ಟಳು.

ಓಲೆಗಾರ ಮುಚ್ಚುವ ದಿನದೊಳಗೆ ಅಪ್ಪ ಮಗಳು ಸೇರಿ ಬಹುಪಾಲು ಪತ್ರಗಳನ್ನು ದಾಟಿಸಿದರು. ಕೆಲವು ಉಳಿದೇ ಹೋದವು. ಅವುಗಳಲ್ಲಿ ಅವ್ವ ಈಗಲೂ ಒಂದೇ ಉಸಿರಿಗೆ ಮಾತಾಡಿ ಮುಗಿಸುತ್ತಾಳೆ. ಇನ್ನು ಬರುವ ಪತ್ರಗಳನ್ನು ಕೊಳವೆಗೆ ಬಿಡುವ ಮೊದಲೇ "ಹ್ಞೂಂ" ಹಚ್ಚಲು ಗೌತಮಿಯ ಕೈಗೆ ಕೊಡುವುದಾಗಿ ಮೇಡಂ ಒಪ್ಪಿದರು.

ಗೋಕಾಕಿನ ತಾರಾಬಾಯಿ ಫೋನ್ ಮಾಡಿದರು. "ಯಾರೋ ಹೂಂ ಹೂಂ ಅಂತಾರಲ್ಲವಾ ಈಗ? ಮೊದಲ ಕಿರಿಕಿರಿ ಆತು. ಆಮ್ಯಾಲ ಅನಸ್ತು, ನನ್ ಮಾತ ಯಾರೋ ಕೇಳಾಕತ್ಯಾರ ಅಂತ. ಇರ್ಲಿ ಬಿಡು, ತಗೀಬ್ಯಾಡ."

*

ಹೊಸ ಪುಟ ಮೇಲಕ್ಕೆ ಹೋಯಿತು. ಟೈಟನ್ ತಲುಪಲು ಅದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಅಷ್ಟನ್ನೂ ನೀಲಾಂಬಿಕಾ ಯಾವಾಗ ಕೇಳುತ್ತಾಳೋ ಯಾರಿಗೆ ಗೊತ್ತು. ಮುಂದಿನ ಭಾನುವಾರ ಬಂದ ಪತ್ರದಲ್ಲಿ ಅವಳು ಕೊರೆಯುವ ಯಂತ್ರ ಕೆಟ್ಟಿದ್ದನ್ನು ಹೇಳಿದಳು, ಬೇರೇನೂ ಇರಲಿಲ್ಲ. ಅದರ ಮುಂದಿನ ವಾರ ಪತ್ರವೇ ಬರಲಿಲ್ಲ. ಗೌತಮಿಗೆ ಊಟ ಸೇರಲಿಲ್ಲ. ತಪ್ಪು ಮಾಡಿದೆನೇ ಎಂದು ಅಪ್ಪನನ್ನು ಕೇಳಿದಳು. ಅವನು, "ಆಕಿ ಗಟ್ಟಿ ಹೆಣ್ಮಗಳು" ಎಂದ.

ಮೂರನೆಯ ವಾರ, ಶನಿವಾರ ಮಧ್ಯಾಹ್ನ, ಆಲಿಕೆ ಕೇಂದ್ರದಿಂದ ಧ್ವನಿಯೊಂದು ಬಂತು. ಫರ್ಜಾನಾ ಮೇಡಂ ಗೌತಮಿಯ ಹತ್ತಿರ ಬಂದು ನಿಂತರು. "ನಿಮ್ಮ ತಾಯಿಯವರದು. ಸಾಣಿಗೆ ಇನ್ನೂ ಬಿಟ್ಟಿಲ್ಲ. ಮೊದಲ ನೀ ಕೇಳು. ನಾ ಹೊರಗ ಇರ್ತೀನಿ" ಎಂದು ಬಾಗಿಲು ಎಳೆದುಕೊಂಡು ಹೋದರು.

ಗೌತಮಿ ಹೆಡ್‌ಫೋನ್ ಹಾಕಿಕೊಂಡಳು. ಟೈಟನ್‌ನ ನೆಲೆಯ ಗಾಳಿಯಂತ್ರದ ಸದ್ದು ಕೇಳಿಸಿತು. ಆಮೇಲೆ ಅವ್ವನ ದನಿ.

"ಗೌತು, ಎಲ್ಲಾನೂ ಕೇಳಿದೆ. ನಿಮ್ಮಪ್ಪಂದೂ ಕೇಳಿದೆ. ಆ ಮನಿಶಾ ಮೂಗಿನ್ಯಾಗ ಹ್ಞೂಂ ಅಂತಾನ, ಮೊದಲಿನಂಗ. ನಾ ಎಷ್ಟ್ ನಕ್ಕೆ ಅಂತೀ." ಸ್ವಲ್ಪ ತಡೆದಳು. "ನೀ ಒಂದ್ ಮಾತ ಕೇಳಿದಿ. ಅದಕ್ಕ ಹ್ಯಾಂಗ್ ಹೇಳಬೇಕಂತ ಎರಡ್ ವಾರ ತಿಳೀಲಿಲ್ಲ. ಅತ್ತಿದ್ರ ನಾ ನಿಲ್ತಿದ್ದೆ ಅಂತ ಎಲ್ಲಾರ ಮುಂದ ಹೇಳಿದ್ದೆ. ಅದು ಸುಳ್ಳವ್ವಾ. ನೀ ಅತ್ತಿದ್ರೂ ನಾ ಹೋಗ್ತಿದ್ದೆ. ನೆಲದ ಮ್ಯಾಲ ಬಿದ್ದ್ ಹೊರಳಾಡಿದ್ರೂ ಹೋಗ್ತಿದ್ದೆ. ಅಷ್ಟ್ ಹೋಗಬೇಕಂತ ಅನಿಸಿತ್ತು ನನಗ. ಹಂಗಂತ ಹೇಳಾಕ ನಾಚಿಕಿ ಆತು, ಅದಕ್ಕ ನಿನ್ ಮ್ಯಾಲ ಹಾಕಿದೆ. ನೀ ಒಂಬತ್ತ ವರ್ಷದ ಕೂಸು. ನಿನ್ ಕೈಯಾಗ ಏನೂ ಇದ್ದಿಲ್ಲ. ತಿಳೀತೇನು? ಏನೂ ಇದ್ದಿಲ್ಲ."

ಗಾಳಿಯಂತ್ರದ ಸದ್ದು ಸ್ವಲ್ಪ ಹೊತ್ತು ನಡೆಯಿತು.

"ಹೋಗಬೇಕಂತ ಅನಿಸಿದ್ದೂ ಖರೆ, ಬಂದ ಮ್ಯಾಲ ಒಂದ್ ದಿನಾನೂ ನಿಮ್ಮನ್ನ ನೆನಸಲಾರದ ಮಲಗಿಲ್ಲ ಅನ್ನೂದೂ ಖರೆ. ಎರಡೂ ಖರೆ ಇದ್ರ ಏನ್ ಮಾಡಬೇಕೋ ನನಗ ಇನ್ನೂ ತಿಳಿದಿಲ್ಲ. ಇದನ್ನ ಪತ್ರದಾಗ ಹಾಕಬ್ಯಾಡ. ಇದು ಎಲ್ಲಾರಿಗೂ ಅಲ್ಲ. ನಿನಗಷ್ಟ. ಬೇಕಾದ್ರ ನಿಮ್ಮಪ್ಪಗ ಕೇಳಸು."

ಅಷ್ಟೇ ಇತ್ತು. ಈ ಸಲ ಅವಳು ಏನನ್ನೂ ಕೇಳಿರಲಿಲ್ಲ.

ಗೌತಮಿ ಹೆಡ್‌ಫೋನ್ ತೆಗೆದಿಟ್ಟಳು. ಆಮೇಲೆ ಬಾಗಿಲು ತೆರೆದು, "ಮೇಡಂ, ಈ ವಾರ ಪತ್ರ ಇಲ್ಲರಿ" ಎಂದಳು. ಫರ್ಜಾನಾ ಮೇಡಂ ಅವಳ ಕಣ್ಣು ನೋಡಿದರು, ಕೊಳವೆಗೆ ಹೋಗುವ ಪಟ್ಟಿಯಿಂದ ಆ ಧ್ವನಿಯ ಹೆಸರನ್ನು ತೆಗೆದುಹಾಕಿದರು.

ಆ ಭಾನುವಾರವೂ ಸಾವಿರಾರು ಮನೆಗಳಿಗೆ ಏನೂ ಬರಲಿಲ್ಲ. ಹೊತ್ತೇರಿದಂತೆ ಪುಟದಲ್ಲಿ ಒಬ್ಬೊಬ್ಬರೇ ಕೇಳತೊಡಗಿದರು. ಡಾಕ್ಟರಿಗೆ ಏನಾಯಿತು, ಯಂತ್ರ ಮತ್ತೆ ಕೆಟ್ಟಿತೇ, ಆರೋಗ್ಯ ಸರಿಯಿದೆಯೇ. ತಾರಾಬಾಯಿಯವರೂ ಕೇಳಿದ್ದರು. ಗೌತಮಿ ಅಪ್ಪನ ಪಕ್ಕದಲ್ಲಿ ಕೂತು ಪ್ರತಿಯೊಬ್ಬರಿಗೂ ತಾನೇ ಉತ್ತರ ಬರೆದಳು. ಎಲ್ಲರಿಗೂ ಒಂದೇ ಸಾಲು.

"ನಮ್ಮವ್ವ ಆರಾಮ ಅದಾಳ್ರಿ."